ಗೋಧಿ ವರ್ಜ್ಯವಾದವರು ಹೋಟೆಲಿನಲ್ಲಿ ಉಣ್ಣುವ ಬಗೆ

ಒಬ್ಬರಿಗೆ ಪಥ್ಯವಾದುದು ಇನ್ನೊಬ್ಬರಿಗೆ ಅಪಥ್ಯವಾಗಬಹುದೆಂಬುದು ಆಯುರ್ವೇದಕ್ಕೆ ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವು ಗೋಧಿಯನ್ನು ಬಹುವಾಗಿ ಹೊಗಳುತ್ತದೆ. ಅದು ಮಧುರ, ಶೀತ, ಸ್ನಿಗ್ಧ, ಗುರು. ದೇಹವನ್ನು ಪುಷ್ಟಿಗೊಳಿಸುವುದು, ಸ್ಥೈರ್ಯವನ್ನು ಕೊಡುವುದು, ಮುರಿದುದನ್ನು ಕೂಡಿಸುವ ಸಂಧಾನಗುಣವುಳ್ಳದ್ದು ಎಂದು ಅಲ್ಲಿ ಹೇಳಿದೆ. ಇಂತಹ ಶ್ರೇಷ್ಠ ಧಾನ್ಯವೇ ಕೆಲವರ ಕರುಳಿಗೆ ಶತ್ರುವಾಗಿ ಪರಿಣಮಿಸುತ್ತದೆ. ಅಂಥವರು ಮನೆಯಲ್ಲಿ ಹೇಗೋ ನಿಭಾಯಿಸುತ್ತಾರೆ. ಹೊಸ್ತಿಲು ದಾಟಿ ಹೋಟೆಲಿಗೋ ಮದುವೆಯ ಪಂಕ್ತಿಗೋ ದಾಸೋಹಕ್ಕೋ ಹೋದಾಗ ಕಷ್ಟವು ಆರಂಭವಾಗುತ್ತದೆ. ಈ ಸಂಚಿಕೆಯಲ್ಲಿ ಅವರಿಗಾಗಿಯೂ, ಅವರಿಗೆ ಬಡಿಸುವ ನಮ್ಮೆಲ್ಲರಿಗಾಗಿಯೂ ಕೆಲವು ವಿಷಯಗಳನ್ನು ವಿವರಿಸಬಯಸುತ್ತೇನೆ.

ರೋಗದ ಸ್ವರೂಪ

ಗೋಧಿಯ ಹಿಟ್ಟನ್ನು ನೀರಿನಲ್ಲಿ ನಾದಿದಾಗ ಅದು ಜಿಗುಟಾಗಿ ಎಳೆದಂತೆ ಹಿಗ್ಗುವುದಷ್ಟೆ. ಆ ಅಂಟುಗುಣವನ್ನು ಕೊಡುವ ಪ್ರೋಟೀನಿಗೆ ಗ್ಲುಟೆನ್ ಎಂದು ಹೆಸರು. ಗೋಧಿಯಲ್ಲದೆ ಬಾರ್ಲಿ ಎಂದರೆ ನಮ್ಮ ಶಾಸ್ತ್ರದ ಯವ, ಹಾಗೂ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಪ್ರೋಟೀನುಗಳಿವೆ. ಸೀಲಿಯಾಕ್ ಎಂಬ ಕಾಯಿಲೆಯುಳ್ಳವರು ಇದನ್ನು ಸೇವಿಸಿದಾಗ ದೇಹದ ರಕ್ಷಣಾವ್ಯವಸ್ಥೆಯು ತಪ್ಪಾಗಿ ಎಚ್ಚೆತ್ತು ತನ್ನದೇ ಸಣ್ಣಕರುಳಿನ ಮೇಲೆ ಎರಗುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳುಗಳಂತೆ ಚಾಚಿಕೊಂಡಿರುವ ಸೂಕ್ಷ್ಮ ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಆಹಾರದ ಸಾರವನ್ನು ಹೀರಿಕೊಳ್ಳುವುದು ಆ ಅಂಕುರಗಳೇ ಆದುದರಿಂದ, ಹೊಟ್ಟೆ ತುಂಬ ಉಂಡರೂ ದೇಹವು ಸೊರಗುತ್ತದೆ.

ಭೇದಿ, ಹೊಟ್ಟೆಯುಬ್ಬರ, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಇದರ ಪರಿಚಿತ ಲಕ್ಷಣಗಳು. ಆದರೆ ಅನೇಕರಲ್ಲಿ ಭೇದಿಯೇ ಇರುವುದಿಲ್ಲ. ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ, ಅಕಾಲದಲ್ಲಿ ಮೂಳೆ ಸವೆಯುವುದು, ಪದೇ ಪದೇ ಬಾಯಿಹುಣ್ಣು, ಗರ್ಭ ನಿಲ್ಲದಿರುವುದು ಇವಿಷ್ಟೇ ಕಾಣಿಸಿಕೊಳ್ಳಬಹುದು. ಇನ್ಸುಲಿನ್ ಅವಲಂಬಿತ ಮಧುಮೇಹ, ಥೈರಾಯಿಡ್ ತೊಂದರೆ ಇರುವವರಲ್ಲಿಯೂ, ರೋಗಿಯ ಒಡಹುಟ್ಟಿದವರು ಹಾಗೂ ಮಕ್ಕಳಲ್ಲಿಯೂ ಇದರ ಸಂಭವವು ಹೆಚ್ಚು.

ಗೋಧಿಗೂ ಈ ರೋಗಕ್ಕೂ ಇರುವ ನಂಟನ್ನು ಸ್ಪಷ್ಟಪಡಿಸಿದವರು ನೆದರ್ಲೆಂಡಿನ ಮಕ್ಕಳ ವೈದ್ಯರಾದ ವಿಲೆಮ್ ಡಿಕ್ಕೆಯವರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಕ್ಷಾಮವು ತಲೆದೋರಿ ಬ್ರೆಡ್ಡು ಸಿಗದಾಯಿತು. ಉಳಿದವರೆಲ್ಲ ಹಸಿವಿನಿಂದ ನರಳುತ್ತಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಗೋಧಿಯ ಬಗ್ಗೆ ಅವರಿಗೆ ಮೊದಲೇ ಇದ್ದ ಸಂಶಯವು ಇದರಿಂದ ದೃಢವಾಯಿತು.

ನಮ್ಮ ದೇಶದಲ್ಲಿ ನಡೆದಿರುವ ಸಮೀಕ್ಷೆಗಳ ಪ್ರಕಾರ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಈ ರೋಗವಿದೆ. ಅನ್ನ, ರಾಗಿ, ಜೋಳಗಳನ್ನೇ ನಂಬಿದ ದಕ್ಷಿಣದಲ್ಲಿ ಇದು ಅದಕ್ಕಿಂತ ಬಹಳ ಕಡಿಮೆ. ಆದುದರಿಂದಲೇ ನಮ್ಮ ಹೋಟೆಲಿನವರಿಗೆ ಇದರ ಹೆಸರೇ ಕಿವಿಗೆ ಬಿದ್ದಿಲ್ಲ. ಆದರೆ ಬೆಂಗಳೂರು ಈಗ ಬರಿಯ ದಕ್ಷಿಣದ ಊರಾಗಿ ಉಳಿದಿಲ್ಲ. ಬಿ.ಟಿ.ಎಂ. ಲೇಔಟ್, ಜೆ.ಪಿ. ನಗರಗಳಲ್ಲಿ ಉತ್ತರದಿಂದ ಬಂದು ನೆಲೆಸಿದ ಕುಟುಂಬಗಳು ಸಾವಿರಾರು. ನಮ್ಮ ಮನೆಗಳಲ್ಲಿಯೂ ಒಂದೆರಡು ತಲೆಮಾರಿನ ಹಿಂದೆ ಹಬ್ಬಕ್ಕೆ ಮಾತ್ರ ಬರುತ್ತಿದ್ದ ಗೋಧಿಯು ಈಗ ನಿತ್ಯವೂ ಚಪಾತಿಯಾಗಿ, ಬ್ರೆಡ್ಡಾಗಿ, ಬಿಸ್ಕತ್ತಾಗಿ ಬರುತ್ತಿದೆ.

ಪರೀಕ್ಷೆಗೆ ಮೊದಲು ಗೋಧಿ ಬಿಡಬಾರದು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬನಶಂಕರಿಯಲ್ಲಿ ನೆಲೆಸಿದ್ದ ಉತ್ತರ ಕರ್ನಾಟಕದ ಕುಟುಂಬವೊಂದು ಹನ್ನೊಂದು ವರ್ಷದ ಹುಡುಗಿಯನ್ನು ನನ್ನಲ್ಲಿಗೆ ಕರೆತಂದಿತು. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಮುಖ ಬಿಳಿಚಿಕೊಂಡಿದೆ, ಹೊಟ್ಟೆ ಉಬ್ಬಿದೆ. ನಾನು ಗ್ರಹಣೀದೋಷವೆಂದು ನಿಶ್ಚಯಿಸಿ, ಗೋಧಿಯನ್ನು ನಿಲ್ಲಿಸಿ, ತಕ್ರಪ್ರಯೋಗವನ್ನು ಆರಂಭಿಸಿದೆ. ಕೆಲವು ತಿಂಗಳಲ್ಲಿ ಮಗು ಗೆಲುವಾಯಿತು. ಆಗ ನನಗೆ ಸಂಶಯ ಬಂದು ಕರುಳುರೋಗ ತಜ್ಞರಲ್ಲಿಗೆ ಕಳುಹಿಸಿದೆ. ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಕಾರಣವಿಷ್ಟೇ: ಈ ರೋಗವನ್ನು ಪತ್ತೆಮಾಡುವ ಟಿ.ಟಿ.ಜಿ. ಪ್ರತಿಕಾಯದ ಪರೀಕ್ಷೆಯಾಗಲಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆಯಾಗಲಿ ರೋಗಿಯು ಗೋಧಿಯನ್ನು ತಿನ್ನುತ್ತಿರುವಾಗ ಮಾತ್ರ ಸರಿಯಾದ ಉತ್ತರವನ್ನು ಕೊಡುತ್ತವೆ. ತಜ್ಞರು ಎಂಟು ವಾರ ಮತ್ತೆ ಗೋಧಿ ತಿನ್ನಿಸಿ ಪರೀಕ್ಷಿಸಬೇಕಾಯಿತು. ಆ ಎಂಟು ವಾರ ಮಗು ಪಟ್ಟ ಸಂಕಟಕ್ಕೆ ನನ್ನ ಆತುರವೇ ಕಾರಣ. ಆದುದರಿಂದ ಓದುಗರಲ್ಲಿ ನನ್ನ ಮೊದಲ ವಿನಂತಿ: ಸಂಶಯವಿದ್ದರೆ ಮೊದಲು ಪರೀಕ್ಷೆ, ಅನಂತರ ಪಥ್ಯ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ರೋಗವನ್ನು ಬೇರುಸಹಿತ ಕಿತ್ತೆಸೆಯುವ ಔಷಧವು ಅಲೋಪಥಿಯಲ್ಲಿಯೂ ಇಲ್ಲ, ನಮ್ಮಲ್ಲಿಯೂ ಇಲ್ಲ. ಆಜೀವ ಪರ್ಯಂತ ಗ್ಲುಟೆನ್ನನ್ನು ವರ್ಜಿಸುವುದೊಂದೇ ಚಿಕಿತ್ಸೆ. ನಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ನಿದಾನಪರಿವರ್ಜನ. ಔಷಧ ಕೊಟ್ಟು ಮತ್ತೆ ಚಪಾತಿ ತಿನ್ನಿಸುತ್ತೇವೆನ್ನುವವರನ್ನು, ಅವರು ಯಾವ ಪದ್ಧತಿಯ ವೈದ್ಯರೇ ಆಗಿರಲಿ, ನಂಬಬಾರದು. ಹಾಗೆಯೇ ಈ ರೋಗವಿಲ್ಲದವರು ಫ್ಯಾಷನ್ನಿಗಾಗಿ ಗೋಧಿಯನ್ನು ಬಿಡುವ ಅಗತ್ಯವೂ ಇಲ್ಲ.

ಎಷ್ಟು ತಿಂದರೆ ಹಾನಿ?

ಎಲ್ಲರೂ ಕೇಳುವ ಪ್ರಶ್ನೆಯಿದು. ಬಹುತೇಕ ರೋಗಿಗಳಿಗೆ ದಿನವೊಂದಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಹೊಟ್ಟೆ ಸೇರಿದರೆ ಕರುಳಿಗೆ ಹಾನಿಯಾಗುವ ಸಂಭವ ಕಡಿಮೆ. ದಿನವೂ 50 ಮಿಲಿಗ್ರಾಂ ಸೇರುತ್ತಿದ್ದರೆ ಕೆಲವೇ ತಿಂಗಳಲ್ಲಿ ಅಂಕುರಗಳು ಸವೆಯಬಲ್ಲವು. ಒಂದು ಗ್ರಾಂ ಮೈದಾದಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ 10 ಮಿಲಿಗ್ರಾಂ ಎಂಬುದು ಗ್ರಾಂನ ಎಂಟನೆಯ ಒಂದು ಪಾಲು ಹಿಟ್ಟು, ಒಂದು ಸಣ್ಣ ಚಿಟಿಕೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಇದರ ಇನ್ನೂರು ಪಟ್ಟಿಗಿಂತಲೂ ಹೆಚ್ಚು ಇರುತ್ತದೆ. ‘ಒಂದೇ ಒಂದು ತುಂಡು’ ಎಂಬ ಒತ್ತಾಯಕ್ಕೆ ಇಲ್ಲಿ ಅವಕಾಶವಿಲ್ಲವೆಂಬುದು ಈ ಲೆಕ್ಕದಿಂದಲೇ ತಿಳಿಯುವುದು. ಪೊಟ್ಟಣದ ಆಹಾರದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿಯೂ ಇದೆ. ಆದರೆ ಹೋಟೆಲಿನ ತಟ್ಟೆಗೆ ಚೀಟಿ ಅಂಟಿಸಿರುವುದಿಲ್ಲ. ಅಲ್ಲಿ ನಮ್ಮ ತಿಳಿವಳಿಕೆಯೇ ಚೀಟಿ.

ಇಂಗಿನೊಳಗಿನ ಗೋಧಿ

ಮೇಲೆ ಹೇಳಿದ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ರೋಗ ನಿಶ್ಚಯವಾದ ಮೇಲೆ ಮನೆಯವರು ಗೋಧಿಯನ್ನು ಮನೆಯಿಂದಲೇ ಹೊರಹಾಕಿದರು. ಆದರೂ ವರ್ಷ ಕಳೆದರೂ ರಕ್ತದಲ್ಲಿನ ಪ್ರತಿಕಾಯವು ಪೂರ್ತಿ ಇಳಿಯಲಿಲ್ಲ. ಎಲ್ಲರ ಸಂಶಯವೂ ಹೋಟೆಲಿನ ಮೇಲೆ ಹೋಯಿತು. ತಿಂಗಳಿಗೊಮ್ಮೆ ಜಯನಗರದಲ್ಲಿ ತಿನ್ನುತ್ತಿದ್ದ ಇಡ್ಲಿಯನ್ನೂ ನಿಲ್ಲಿಸಿದರು. ಶಾಲೆಯ ಗೆಳತಿಯರ ಹುಟ್ಟುಹಬ್ಬಕ್ಕೂ ಕಳುಹಿಸಲಿಲ್ಲ. ಮಗು ಮಂಕಾಯಿತೇ ಹೊರತು ಪ್ರತಿಕಾಯವು ಇಳಿಯಲಿಲ್ಲ. ಕೊನೆಗೆ ಅಡುಗೆಮನೆಯ ಒಂದೊಂದು ಡಬ್ಬಿಯನ್ನೂ ತರಿಸಿ ಮೇಜಿನ ಮೇಲೆ ಇಟ್ಟು ಓದಿದೆವು. ಇಂಗಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿಹಿಟ್ಟು ಎಂದು ನಮೂದಾಗಿತ್ತು.

ಅಂಗಡಿಯಲ್ಲಿ ಸಿಗುವ ಇಂಗು ಬಹುಮಟ್ಟಿಗೆ ಶುದ್ಧ ಇಂಗಲ್ಲ. ಶುದ್ಧ ಇಂಗು ಅತಿತೀಕ್ಷ್ಣವಾದ್ದರಿಂದ ಅದಕ್ಕೆ ಗೋಂದು ಹಾಗೂ ಹಿಟ್ಟನ್ನು ಬೆರೆಸಿ ಕೂಟಿಂಗು ಮಾಡುತ್ತಾರೆ. ಆ ಹಿಟ್ಟು ಅನೇಕ ತಯಾರಿಕೆಗಳಲ್ಲಿ ಗೋಧಿಯದು, ಕೆಲವದರಲ್ಲಿ ಅಕ್ಕಿಯದು. ಪುಡಿಯಷ್ಟೇ ಅಲ್ಲ, ಗಟ್ಟಿ ಇಂಗಿನಲ್ಲಿಯೂ ಹಿಟ್ಟು ಇರಬಹುದು. ಲೆಕ್ಕಕ್ಕಾಗಿ ಅರ್ಧ ಪಾಲು ಗೋಧಿಹಿಟ್ಟೆಂದು ಇಟ್ಟುಕೊಳ್ಳೋಣ. ನಾಲ್ಕು ಜನರ ಸಾಂಬಾರಿಗೆ ಒಂದು ಗ್ರಾಂ ಇಂಗು ಹಾಕಿದರೆ ಒಬ್ಬೊಬ್ಬರಿಗೆ ಸುಮಾರು 10 ಮಿಲಿಗ್ರಾಂ ಗ್ಲುಟೆನ್ ಸಲ್ಲುತ್ತದೆ. ಸಾರು, ಚಟ್ನಿ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲದರಲ್ಲಿಯೂ ಅದೇ ಇಂಗು. ಹೀಗೆ ದಿನವೂ, ವರ್ಷವಿಡೀ. ಸಾಲದೆಂಬಂತೆ ಹೊಟ್ಟೆಯುಬ್ಬರಕ್ಕೆಂದು ನಾನೇ ಬರೆದುಕೊಟ್ಟಿದ್ದ ಹಿಂಗ್ವಷ್ಟಕ ಚೂರ್ಣವನ್ನೂ ಅವರು ಮನೆಯ ಇಂಗಿನಿಂದಲೇ ತಯಾರಿಸಿಕೊಳ್ಳುತ್ತಿದ್ದರು. ಇಂಗನ್ನು ಬದಲಾಯಿಸಿ ಬೆಳ್ಳುಳ್ಳಿ ಒಗ್ಗರಣೆ ರೂಢಿಸಿಕೊಂಡ ಮೇಲೆ ಪ್ರತಿಕಾಯವು ಇಳಿಯಿತು. ಮಗು ಎತ್ತರ ಬೆಳೆಯತೊಡಗಿತು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು, ಹೋಟೆಲನ್ನು ಶಂಕಿಸುವ ಮುನ್ನ ಮನೆಯ ಡಬ್ಬಿಗಳನ್ನು ಓದಬೇಕು. ಎರಡನೆಯದು, ಹೋಟೆಲಿನಲ್ಲಿ ಅಪಾಯವು ಗೋಧಿಯ ರೂಪದಲ್ಲಿ ಕಣ್ಣಿಗೆ ಕಾಣುವುದಿಲ್ಲ, ಬೇರೊಂದು ಹೆಸರಿನಲ್ಲಿ ಅಡಗಿರುತ್ತದೆ.

ನಮ್ಮ ತಿಂಡಿಗಳ ಪಟ್ಟಿಯಲ್ಲಿ ಯಾವುದು ಏನು?

1980ರ ದಶಕದಲ್ಲಿ ಜಯನಗರದಲ್ಲಿ ಮೊದಲ್ಗೊಂಡು ನಗರವನ್ನೆಲ್ಲ ವ್ಯಾಪಿಸಿದ ದರ್ಶಿನಿಗಳು ನಮ್ಮ ಭಾಗದ ನಿತ್ಯದ ಊಟದ ಮನೆಗಳೇ ಆಗಿವೆ. ಅಲ್ಲಿನ ಫಲಕವನ್ನು ಗೋಧಿ ವರ್ಜ್ಯವಾದವರ ಕಣ್ಣಿನಿಂದ ಓದೋಣ.

ಸ್ಪಷ್ಟವಾಗಿ ವರ್ಜ್ಯವಾದವು: ಪೂರಿ, ಚಪಾತಿ, ಪರೋಟ, ಗೋಧಿ ದೋಸೆ, ಉಪ್ಪಿಟ್ಟು, ಖಾರಾಬಾತ್, ಕೇಸರಿಬಾತ್, ಈ ಎರಡೂ ಕೂಡಿದ ಚೌಚೌಬಾತ್, ರವೆ ದೋಸೆ, ರವೆ ಇಡ್ಲಿ, ಮಂಗಳೂರು ಬಜ್ಜಿ, ಮದ್ದೂರು ವಡೆ, ಹೋಳಿಗೆ, ಚಿರೋಟಿ, ಜಿಲೇಬಿ, ಜಾಮೂನು, ಗೋಬಿ ಮಂಚೂರಿ. ಮಂಚೂರಿಗೆ ಮೈದಾದ ಹೊದಿಕೆಯಲ್ಲದೆ, ಅದಕ್ಕೆ ಬೀಳುವ ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ರವೆ ಎಂಬ ಮಾತಿನಲ್ಲಿ ಅನೇಕರು ಎಡವುತ್ತಾರೆ. ಬಾಂಬೆ ರವೆ, ಚಿರೋಟಿ ರವೆ, ಗೋಧಿ ನುಚ್ಚು ಇವು ಮೂರೂ ಗೋಧಿಯೇ. ಇಡ್ಲಿ ರವೆ, ಅಕ್ಕಿ ತರಿ ಇವು ಅಕ್ಕಿ. ರವೆ ಇಡ್ಲಿಯ ಹುಟ್ಟನ್ನು ನೆನೆದರೆ ಇದು ಮರೆಯುವುದಿಲ್ಲ. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಅಕ್ಕಿಯ ಬದಲು ಗೋಧಿ ರವೆಯನ್ನು ಬಳಸಿ ಅದನ್ನು ರೂಪಿಸಿದರು. ಅದೇ ಯುದ್ಧದಲ್ಲಿ ನೆದರ್ಲೆಂಡಿನಲ್ಲಿ ಗೋಧಿ ಇಲ್ಲವಾಗಿ ಮಕ್ಕಳು ಗುಣವಾದರು. ಇಲ್ಲಿ ಅಕ್ಕಿ ಇಲ್ಲವಾಗಿ ಗೋಧಿಯು ಇಡ್ಲಿಯ ತಟ್ಟೆಯನ್ನೇರಿತು.

ಸ್ವಭಾವತಃ ನಿರ್ದೋಷವಾದವು: ಅಕ್ಕಿ-ಉದ್ದಿನ ಇಡ್ಲಿ, ಸಾದಾ ದೋಸೆ, ಸೆಟ್ ದೋಸೆ, ನೀರು ದೋಸೆ, ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ರಾಗಿ ಮುದ್ದೆ, ಅನ್ನ, ಮೊಸರು, ತುಪ್ಪ, ಅವಲಕ್ಕಿ, ಅಕ್ಕಿಯ ಒತ್ತುಶಾವಿಗೆ, ಹಣ್ಣು, ಎಳನೀರು, ಫಿಲ್ಟರ್ ಕಾಫಿ. ಕಾಫಿಗೆ ಬೆರೆಸುವ ಚಿಕೋರಿಯು ಒಂದು ಬೇರು, ಅದರಲ್ಲಿ ದೋಷವಿಲ್ಲ. ಆದರೆ ಪೊಟ್ಟಣದಲ್ಲಿ ಬರುವ ಶಾವಿಗೆಯು ಬಹುತೇಕ ಗೋಧಿಯದೆಂಬುದನ್ನೂ, ಹಾಲಿಗೆ ಬೆರೆಸುವ ಮಾಲ್ಟಿನ ಪುಡಿಗಳಲ್ಲಿ ಬಾರ್ಲಿ ಇರುವುದೆಂಬುದನ್ನೂ ನೆನಪಿಡಬೇಕು. ರಾಗಿ ಮಾಲ್ಟು ಬರಿಯ ರಾಗಿಯದಾದರೆ ಅಡ್ಡಿಯಿಲ್ಲ.

ಕೇಳಿ ತಿಳಿಯಬೇಕಾದವು: ಮಸಾಲೆ ದೋಸೆಯ ಹಿಟ್ಟಿಗೆ ಗರಿಗರಿಗೆಂದು ಕೆಲವರು ರವೆ ಅಥವಾ ಮೈದಾ ಸೇರಿಸುತ್ತಾರೆ. ಉದ್ದಿನ ವಡೆಗೂ ಕೆಲವೆಡೆ ರವೆ ಬೀಳುತ್ತದೆ. ಕೋಡುಬಳೆ, ನಿಪ್ಪಟ್ಟುಗಳಿಗೆ ಅಕ್ಕಿಹಿಟ್ಟಿನೊಡನೆ ಮೈದಾ ಬೆರೆಯುವುದುಂಟು. ಉತ್ತರ ಭಾರತದ ಗಟ್ಟಿ ಗ್ರೇವಿಗಳನ್ನು ಮೈದಾದಿಂದ ಮಂದಗೊಳಿಸುವುದುಂಟು. ಬಿಸಿಬೇಳೆಬಾತ್, ಪುಳಿಯೋಗರೆ, ಸಾಂಬಾರು, ಚಟ್ನಿಗಳಲ್ಲಿ ಇಂಗಿನ ಪ್ರಶ್ನೆ. ದೊಡ್ಡ ಹಂಡೆಯ ಸಾಂಬಾರಿನಲ್ಲಿ ಇಂಗು ನೂರಾರು ಪಾಲಾಗುವುದರಿಂದ ಒಬ್ಬರ ಬಟ್ಟಲಿಗೆ ಬರುವ ಪ್ರಮಾಣವು ಮನೆಯದಕ್ಕಿಂತ ಕಡಿಮೆಯೇ ಇರಬಹುದು. ಆದರೂ ಅಳೆಯಲಾಗದುದನ್ನು ನಿತ್ಯವೂ ನಂಬುವುದು ತರವಲ್ಲ. ಇಂಗಿಲ್ಲದ ಚಟ್ನಿ, ತುಪ್ಪ, ಬೆಣ್ಣೆ, ಮೊಸರು ಇವುಗಳೊಡನೆ ತಿಂಡಿ ಮುಗಿಸುವುದು ಲೇಸು. ಮನೆಯ ಚಟ್ನಿಪುಡಿಯನ್ನು ಒಂದು ಸಣ್ಣ ಡಬ್ಬಿಯಲ್ಲಿ ಒಯ್ದರೆ ಯಾರೂ ಬೇಡವೆನ್ನುವುದಿಲ್ಲ.

ಖಾನಾವಳಿಯ ಜೋಳದ ರೊಟ್ಟಿ

ನಮ್ಮ ಸಮಾಜದವರು ನಡೆಸುವ ಖಾನಾವಳಿಗಳು ಇಂದು ದಕ್ಷಿಣ ಬೆಂಗಳೂರಿನಲ್ಲಿಯೂ ಹಲವಿವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇಷ್ಟಿದ್ದರೆ ಗೋಧಿ ವರ್ಜ್ಯವಾದವರಿಗೆ ಇದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಹಿಟ್ಟಿಗೆ ಎಸರು ಹಾಕಿ ನಾದಿ, ಲಟ್ಟಿಸದೆ ಕೈಯಿಂದ ಬಡಿಯುವುದು. ಈ ಕಾರಣದಿಂದಲೇ ಒಂದು ಅಪಾಯವೂ ಇದೆ. ಬಡಿಯಲು ಬಾರದವರು ರೊಟ್ಟಿ ಒಡೆಯದಿರಲೆಂದು ಹಿಡಿಯಷ್ಟು ಗೋಧಿಹಿಟ್ಟು ಬೆರೆಸಿ ಲಟ್ಟಿಸುತ್ತಾರೆ. ತೀರ ಮೆತ್ತಗೆ, ಎಳೆದರೆ ಹರಿಯದೆ ಹಿಗ್ಗುವ ಜೋಳದ ರೊಟ್ಟಿಯನ್ನು ಕಂಡರೆ ವಿಚಾರಿಸಬೇಕು. ಚಪಾತಿ ಮತ್ತು ರೊಟ್ಟಿ ಒಂದೇ ಹಂಚಿನ ಮೇಲೆ ಬೇಯುತ್ತವೆಯೇ ಎಂಬುದನ್ನೂ ಕೇಳಬೇಕು. ಕಟಕಲು ರೊಟ್ಟಿಯನ್ನು ನಂಬಿಗಸ್ತರಿಂದ ತರಿಸಿ ಮನೆಯಲ್ಲಿಟ್ಟುಕೊಂಡರೆ ಪ್ರವಾಸಕ್ಕೂ ಆಯಿತು, ಆಪತ್ಕಾಲಕ್ಕೂ ಆಯಿತು.

ನವಣೆ, ಸಾಮೆ, ಸಜ್ಜೆ, ಹಾರಕ, ಊದಲು, ಕೊರಲೆ ಇವೂ ನಿರ್ದೋಷವಾದ ಧಾನ್ಯಗಳು. ಆದರೆ ‘ಸಿರಿಧಾನ್ಯದ ಚಪಾತಿ’, ‘ಬಹುಧಾನ್ಯದ ಹಿಟ್ಟು’ ಎಂಬ ಫಲಕಗಳನ್ನು ಕಂಡು ಮೋಸಹೋಗಬಾರದು. ಅವುಗಳಲ್ಲಿ ಮೊದಲ ಪಾಲು ಗೋಧಿಯದೇ ಇರಬಹುದು. ಬೆಳಗಾವಿ ಕಡೆಯ ಖಪಲಿ ಗೋಧಿಯೂ ಗೋಧಿಯೇ. ಮಧುಮೇಹಿಗಳಿಗೆ ಹಿತವೆಂಬ ಮಾತು ಇಲ್ಲಿ ಅನ್ವಯಿಸದು. ಬೀದಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ರಾಗಿಯನ್ನೂ ಜೋಳವನ್ನೂ ಬೀಸಿದರೆ ಗೋಧಿಯು ಅದಕ್ಕೆ ಸೇರುವುದು ಖಚಿತ.

ಒಲೆಯ ಬಳಿಯ ಸಂಸರ್ಗದೋಷ

ಪದಾರ್ಥವು ಶುದ್ಧವಾಗಿದ್ದರೂ ಸಂಸರ್ಗದಿಂದ ಕೆಡಬಹುದು. ದರ್ಶಿನಿಯ ದೊಡ್ಡ ದೋಸೆಕಲ್ಲನ್ನು ಗಮನಿಸಿ. ಒಂದು ಸುತ್ತು ರವೆ ದೋಸೆ ತೆಗೆದ ಮೇಲೆ ಅಡುಗೆಯವರು ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸಿ ಮರುಕ್ಷಣವೇ ಸಾದಾ ದೋಸೆ ಹುಯ್ಯುತ್ತಾರೆ. ಹಿಟ್ಟಿನ ಕಣಗಳು ಕಲ್ಲಿನಲ್ಲಿಯೂ ಪೊರಕೆಯಲ್ಲಿಯೂ ಉಳಿಯುತ್ತವೆ. ಪೂರಿ ಕರಿದ ಎಣ್ಣೆಯಲ್ಲಿಯೇ ವಡೆ, ಬೋಂಡಾ ಕರಿಯುತ್ತಾರೆ. ಕಾದ ಎಣ್ಣೆಯು ರೋಗಾಣುವನ್ನು ಕೊಲ್ಲಬಲ್ಲುದೇ ಹೊರತು ಗ್ಲುಟೆನ್ನನ್ನು ನಾಶಮಾಡಲಾರದು. ಕೇಸರಿಬಾತಿನ ಸೌಟು ಅನ್ನದ ಪಾತ್ರೆಗೆ ಇಳಿಯುತ್ತದೆ. ಆದುದರಿಂದ ಹೊರಗಿನ ತಿಂಡಿಗಳಲ್ಲಿ ಹಬೆಯಲ್ಲಿ ಬೆಂದ ಅಕ್ಕಿಯ ಇಡ್ಲಿಗೆ ಮೊದಲ ಸ್ಥಾನ, ಕಲ್ಲಿನ ಮೇಲಿನ ದೋಸೆಗೆ ಎರಡನೆಯದು, ಕರಿದುದಕ್ಕೆ ಕೊನೆಯದು. ಇಡ್ಲಿಯ ವಿಷಯದಲ್ಲಿಯೂ ಅದೇ ಹಬೆಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ರವೆ ಇಡ್ಲಿ ಬೇಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಸಮಯವೂ ಮುಖ್ಯ. ಬೆಳಗ್ಗೆ ಬಾಗಿಲು ತೆರೆದ ಹೊತ್ತಿನಲ್ಲಿ ಕಲ್ಲು ಸ್ವಚ್ಛವಾಗಿರುತ್ತದೆ, ಎಣ್ಣೆ ಹೊಸದಾಗಿರುತ್ತದೆ, ಅಡುಗೆಯವರಿಗೆ ಮಾತನಾಡಲು ಪುರುಸೊತ್ತಿರುತ್ತದೆ. ಭಾನುವಾರ ಒಂಬತ್ತು ಗಂಟೆಗೆ ಹೋಗಿ ಗುಂಪಿನ ನಡುವೆ ಪಥ್ಯದ ವಿವರ ಹೇಳಿದರೆ ಯಾರೂ ಕೇಳಿಸಿಕೊಳ್ಳಲಾರರು. ಪಟ್ಟಿಯಲ್ಲಿ ಗೋಧಿಯ ತಿಂಡಿಗಳು ಕಡಿಮೆ ಇರುವ ಸಣ್ಣ ಹೋಟೆಲನ್ನು ಒಂದೆರಡು ಗುರುತಿಸಿ, ಅಲ್ಲಿಗೇ ಮತ್ತೆ ಮತ್ತೆ ಹೋಗಿ ಪರಿಚಯ ಬೆಳೆಸಿಕೊಳ್ಳುವುದು ಹತ್ತು ಹೊಸ ಹೋಟೆಲುಗಳನ್ನು ಪರೀಕ್ಷಿಸುವುದಕ್ಕಿಂತ ಮೇಲು.

ಕೇಳುವ ರೀತಿ

‘ಗ್ಲುಟೆನ್ ಇದೆಯೇ?’ ಎಂದು ಕೇಳಿದರೆ ಮಾಣಿಯು ಅದಾವುದೋ ಮಸಾಲೆಯೆಂದು ತಿಳಿದು ‘ಇಲ್ಲ ಸಾರ್’ ಎನ್ನುತ್ತಾನೆ. ಅದು ಸುಳ್ಳಲ್ಲ, ಅವನಿಗೆ ತಿಳಿಯದ ಮಾತು. ಪದಾರ್ಥದ ಹೆಸರು ಹಿಡಿದು ಕೇಳಬೇಕು. ಮಾಣಿಯನ್ನಲ್ಲ, ಸಾಧ್ಯವಾದರೆ ಭಟ್ಟರನ್ನೇ ಕೇಳಬೇಕು. ಉತ್ತರವು ‘ಹೌದು-ಇಲ್ಲ’ ಆಗದಂತೆ ಕೇಳಬೇಕು: ‘ದೋಸೆ ಹಿಟ್ಟಿಗೆ ಏನೇನು ಹಾಕ್ತೀರಿ, ಭಟ್ರೇ?’ ಎಂದರೆ ಅವರೇ ಪಟ್ಟಿ ಹೇಳುತ್ತಾರೆ. ಈಗ ಅಡುಗೆಮನೆಯಲ್ಲಿ ಬೇರೆ ರಾಜ್ಯದವರೂ ಇರುವುದರಿಂದ ಒಂದು ಚೀಟಿಯನ್ನು ಕನ್ನಡ, ಹಿಂದಿಗಳೆರಡರಲ್ಲಿಯೂ ಬರೆಸಿಟ್ಟುಕೊಳ್ಳುವುದು ಉಪಯುಕ್ತ. ಅದರಲ್ಲಿ ಇಷ್ಟಿದ್ದರೆ ಸಾಕು:

‘ನನಗೆ ಕರುಳಿನ ಕಾಯಿಲೆ ಇದೆ. ಗೋಧಿ, ಮೈದಾ, ಬಾಂಬೆ ರವೆ, ಚಿರೋಟಿ ರವೆ, ಬಾರ್ಲಿ, ಗೋಧಿಹಿಟ್ಟು ಬೆರೆತ ಇಂಗು ಇವು ಸ್ವಲ್ಪ ತಿಂದರೂ ಕಾಯಿಲೆ ಹೆಚ್ಚುತ್ತದೆ. ಅಕ್ಕಿ, ರಾಗಿ, ಜೋಳ, ಬೇಳೆ, ಹಾಲು, ಮೊಸರು, ತರಕಾರಿ ಆಗುತ್ತವೆ. ದಯವಿಟ್ಟು ಬೇರೆ ಸೌಟು, ತೊಳೆದ ಕಲ್ಲು ಬಳಸಿ.’

ಹುಡುಗಿಯ ತಂದೆ ಇಂತಹ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ ಅವಳ ಚೀಲದಲ್ಲಿಟ್ಟರು. ಈಗ ಅವಳು ಗೆಳತಿಯರೊಡನೆ ಹೋಗುತ್ತಾಳೆ, ತಾನೇ ಕೇಳುತ್ತಾಳೆ, ಇಡ್ಲಿ-ತುಪ್ಪ ತಿಂದು ಬರುತ್ತಾಳೆ. ಪಥ್ಯವೆಂದರೆ ಬಾಗಿಲು ಹಾಕಿಕೊಳ್ಳುವುದಲ್ಲವೆಂಬುದನ್ನು ನನಗೆ ಕಲಿಸಿದವಳು ಅವಳೇ.

ತಿಳಿಯದೆ ತಿಂದುಬಿಟ್ಟರೆ ಗಾಬರಿಪಡಬೇಕಾಗಿಲ್ಲ. ವಾಂತಿ ಮಾಡಿಸುವುದು, ವಿರೇಚನ ಕೊಡುವುದು ಕೂಡದು. ಬೇಕಾದಷ್ಟು ನೀರು, ಅಕ್ಕಿ ಗಂಜಿ, ತಿಳಿಮಜ್ಜಿಗೆ ಸೇವಿಸಿ ವಿಶ್ರಮಿಸಿ, ಮರುದಿನದಿಂದ ಪಥ್ಯವನ್ನು ಮುಂದುವರಿಸಬೇಕು. ವಾಂತಿಭೇದಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಗೋಧಿಯ ಅಲರ್ಜಿ ಎಂಬುದು ಬೇರೆಯೇ ಕಾಯಿಲೆ. ಅದರಲ್ಲಿ ತುಟಿ ಊದಿಕೊಂಡು ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮಂತಹ ವೈದ್ಯರಲ್ಲಿಗೆ ಹೋದಾಗಲೂ ರೋಗದ ಹೆಸರನ್ನು ಮೊದಲು ಹೇಳಿ. ಉರಿಮೂತ್ರಕ್ಕೆ ಬಾರ್ಲಿ ನೀರು ಕುಡಿಯಿರೆಂದು ಅಭ್ಯಾಸಬಲದಿಂದ ಹೇಳಿಬಿಡುವವರು ನಾವು.

ಪ್ರಸಾದದ ವಿಚಾರ

ಹುಡುಗಿಯ ಅಜ್ಜಿ ಒಂದು ದಿನ ನನ್ನಲ್ಲಿಗೆ ಬಂದು ಕೇಳಿದರು: ‘ಮಠದಾಗ ಗೋಧಿ ಹುಗ್ಗಿ ಬಡಸ್ತಾರ್ರೀ. ಪ್ರಸಾದ ಬ್ಯಾಡಂತ ಹ್ಯಾಂಗ ಅನ್ನೂದ್ರೀ? ಒಂದ್ ಅಗಳ ತಿಂದ್ರ ಏನಾಗ್ತೈತ್ರೀ?’ ಆ ತಾಯಿಯ ಕಣ್ಣಿನಲ್ಲಿ ನೀರಿತ್ತು. ನಮ್ಮ ಬಂಧುಗಳಲ್ಲಿ ಎಷ್ಟೋ ಜನರ ಪ್ರಶ್ನೆಯಿದು.

ನನ್ನ ಅಲ್ಪಮತಿಗೆ ತೋಚಿದ ಉತ್ತರವಿದು. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವು ಪ್ರಸನ್ನತೆಯ ಕುರುಹು. ಅದು ಹುಗ್ಗಿಯ ರೂಪದಲ್ಲಿಯೇ ಬರಬೇಕೆಂಬ ಕಟ್ಟಿಲ್ಲ. ಬಾಳೆಹಣ್ಣು, ಕಲ್ಲುಸಕ್ಕರೆ, ಅನ್ನದ ಒಂದು ತುತ್ತು ಇವೂ ಲಿಂಗಾರ್ಪಿತವಾದ ಮೇಲೆ ಪ್ರಸಾದವೇ. ತಟ್ಟೆಗೆ ಹಾಕಿಸಿಕೊಂಡು ಬಿಟ್ಟೇಳುವುದು ಪ್ರಸಾದಕ್ಕೆ ಅಗೌರವ. ಮೊದಲೇ ವಿನಯದಿಂದ ಕೈಮುಗಿದು ಹಣ್ಣನ್ನು ಬೇಡುವುದು ಅಗೌರವವಲ್ಲ. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಕಾಪಾಡಿಕೊಳ್ಳುವುದೂ ಒಂದು ವ್ರತವೇ. ಅಜ್ಜಿಯು ಮರುವಾರ ಪೂಜ್ಯರಲ್ಲಿ ಇದನ್ನು ಅರಿಕೆ ಮಾಡಿಕೊಂಡಾಗ ಅವರು ನಕ್ಕು ಬಾಳೆಹಣ್ಣನ್ನು ಮೊಮ್ಮಗಳ ಕೈಗೆ ತಾವೇ ಇತ್ತರಂತೆ.

ದಾಸೋಹದ ಕೈಂಕರ್ಯದಲ್ಲಿರುವವರಲ್ಲಿಯೂ ಒಂದು ಪ್ರಾರ್ಥನೆ. ಒಗ್ಗರಣೆಗೆ ಅಕ್ಕಿಹಿಟ್ಟಿನ ಇಂಗನ್ನು ತರಿಸುವುದು, ಅನ್ನದ ಸೌಟನ್ನು ಹುಗ್ಗಿಯ ಪಾತ್ರೆಗೆ ಇಳಿಸದಿರುವುದು, ಪಂಕ್ತಿಯಲ್ಲಿ ಯಾರಾದರೂ ‘ಇದು ನನಗೆ ಆಗದು’ ಎಂದರೆ ಎರಡನೆಯ ಸಲ ಒತ್ತಾಯಿಸದಿರುವುದು, ಇವಿಷ್ಟಕ್ಕೆ ಹೆಚ್ಚಿನ ವೆಚ್ಚವಿಲ್ಲ. ಹಸಿದು ಬಂದವರೆಲ್ಲರೂ ನಿರ್ಭಯವಾಗಿ ಉಂಡು ಏಳುವಂತಾದರೆ ದಾಸೋಹವು ಪೂರ್ಣವಾದಂತೆ.